ತಂಗಿ ಆಡಿಷನ್‌ಗೆ ಹೋದ ದಿನ

ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ನಡೆದಿತ್ತು. ಮೊಬೈಲ್ ಬಿಡದೆ ಗುಂಯ್‌ಗುಟ್ಟುತ್ತಿತ್ತು. ಮ್ಯೂಟ್ ಮಾಡಿ ಎತ್ತಿದರೆ ತಂಗಿ. ‘ಅಣ್ಣಾ, ನನ್ ನಂಬರ್ 47. ಇಲ್ಲಿ ಎಲ್ಲಾರೂ ಭಾಳ ಚೊಲೊ ಕುಣಿಯಾಕತ್ತಾರ. ವಾಪಸ್ ಬರ್ಲೇನು?’

‘ಹೋಗೀದಿ ಅಂದ್ರ ಕುಣಿದೇ ಬಾ’ ಅಂದೆ. ಧೈರ್ಯ ತುಂಬೋಕೆ ಹೇಳಿದ ಮಾತೇನಲ್ಲ, ಮ್ಯಾನೇಜರ್ ನನ್ನ ಹೆಸರು ಕರೀತಿದ್ರು!

ನಮ್ಮದು ಸಿಂದಗಿ ತಾಲೂಕಿನ ಹಳ್ಳಿ. ತಂಗಿ ಪ್ರತಿ ಭಾನುವಾರ ಬಸ್ ಹಿಡಿದು ವಿಜಯಪುರಕ್ಕೆ ಹೋಗಿ ಭರತನಾಟ್ಯ ಕಲಿತವಳು. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗಿದ್ದಳು. ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದಳು. ಒಂದು ಸಂಗೀತ ನಾಟಕಕ್ಕೆ ಕುಣಿಯೋರು ಬೇಕು, ಆರು ತಿಂಗಳು ಊರೂರು ತಿರುಗಾಟ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿ, ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು.

ಆಡಿಷನ್ ಅಂದ್ರೆ ಟಿವಿ ರಿಯಾಲಿಟಿ ಶೋ ಥರ, ತಯಾರು ಮಾಡಿಕೊಂಡ ಹಾಡಿಗೆ ಕುಣಿದು ಬರೋದು ಅಂದ್ಕೊಂಡಿದ್ದೆ. ಅಲ್ಲವಂತೆ. ಎದೆಗೆ ನಂಬರ್ ಚೀಟಿ. ಯಾರೂ ನೋಡಿರದ ಹೆಜ್ಜೆಗಳನ್ನ ಇಪ್ಪತ್ತು ನಿಮಿಷದಲ್ಲಿ ಕಲಿಸ್ತಾರೆ. ಆಮೇಲೆ ನಾಲ್ಕು ನಾಲ್ಕು ಜನ ಮುಂದೆ ಬಂದು ಮಾಡಿ ತೋರಿಸಬೇಕು. ಎಷ್ಟು ಚೆನ್ನಾಗಿ ಕುಣೀತೀರಿ ಅನ್ನೋದಕ್ಕಿಂತ ಎಷ್ಟು ಬೇಗ ಕಲೀತೀರಿ, ಪಕ್ಕದವರ ಜೊತೆ ಹೊಂದಿಕೊಳ್ತೀರಾ ಅನ್ನೋದೇ ಅಲ್ಲಿ ಮುಖ್ಯ. ವರ್ಷಗಟ್ಟಲೆ ಅರೆಮಂಡಿಯಲ್ಲಿ ಕೂತ ಮೈಗೆ ಸಡಿಲವಾಗಿ ನಿಂತು ಭುಜ ಕುಣಿಸು ಅಂದ್ರೆ ಹೇಗೆ? ಮೂರನೇ ಸಾಲಿಗೆ ಬರೋಷ್ಟರಲ್ಲಿ ಹೆಜ್ಜೆ ಮರೆತುಹೋಗಿದೆ. ‘ಮರೆತಾಗ ಏನು ಮಾಡಿದೆ?’ ಅಂತ ಕೊರಿಯೋಗ್ರಾಫರ್ ಕೇಳಿದರಂತೆ. ‘ಬಾಜೂದಾಕಿನ್ನ ನೋಡಿ ಮಾಡಿದೆ ಸರ್’ ಅಂದಳಂತೆ. ಅವರು ನಕ್ಕರು. ಮಧ್ಯಾಹ್ನ ಹಾಡಿಸಿದರು, ಎರಡು ಪುಟ ಮಾತು ಓದಿಸಿದರು. ನಾಲ್ಕನೇ ದಿನ ಮೆಸೇಜ್ ಬಂತು: ಆಯ್ಕೆಯಾಗಿದ್ದೀರಿ.

ಅಸಲಿ ಆಡಿಷನ್ ಶುರುವಾಗಿದ್ದು ಮನೆಯಲ್ಲಿ.

‘ಕಂಪನಿ ಸೇರಿದಾಕಿನ್ನ ಯಾರು ಲಗ್ನ ಆಗ್ತಾರ?’ ಅಂದಳು ಆಯಿ. ಅಪ್ಪ ಮಾತೇ ಆಡಲಿಲ್ಲ. ನಾನೂ ಸುಮ್ಮನೆ ಇರಲಿಲ್ಲ. ಎಕ್ಸೆಲ್ ಶೀಟ್ ತೆಗೆದು ಪಿಜಿ ಬಾಡಿಗೆ, ನಾಟಕದವರು ಕೊಡೋ ದುಡ್ಡು, ಬಿಟ್ಟುಬಿಡೋ ಸಂಬಳ ಎಲ್ಲ ಕೂಡಿಸಿ ಕಳೆದು ‘ಕರಿಯರ್ ಗ್ಯಾಪ್ ಆಗ್ತದ ನೋಡು’ ಅಂದೆ. ಆಯಿ ಹೇಳಿದ್ದನ್ನೇ ನಾನು ಇಂಗ್ಲಿಷಿನಲ್ಲಿ ಹೇಳಿದ್ದೆ, ಅಷ್ಟೆ.

ಬಾಯಿ ಬಿಟ್ಟವನು ಮುತ್ಯಾ. ‘ರಕ್ತರಾತ್ರಿ ನೋಡಾಕ ಚಕ್ಕಡಿ ಹೂಡಿಕೊಂಡು ಹೋಗತಿದ್ವಿ. ಅಲ್ಲಿ ಕುಣಿಯೋರೂ ಯಾರದೋ ಮನಿ ಮಕ್ಕಳಽ ಇದ್ರು’ ಅಂದ. ‘ರಕ್ತರಾತ್ರಿ’ ಕಂದಗಲ್ ಹನುಮಂತರಾಯರ ನಾಟಕ. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ನಾಟಕವನ್ನ ಇಷ್ಟು ಹಚ್ಚಿಕೊಂಡ ಸೀಮೆ ನಮ್ಮದು. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ಹಲವು ನಾಟಕ ಕಂಪನಿಗಳು ಒಟ್ಟಿಗೇ ಟೆಂಟ್ ಹಾಕ್ತವೆ, ಜನ ರಾತ್ರಿಯಿಡೀ ಕೂತು ನೋಡ್ತಾರೆ. ಸಂಗೀತ ನಾಟಕ ಅಂದ್ರೆ ಪುಣೆ, ಮುಂಬೈ ಅಂತಾರೆ. ಆದರೆ 1880ರಲ್ಲಿ ಮರಾಠಿ ‘ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ. ಆಗ ನಮ್ಮದೇ ಜಿಲ್ಲೆಯಲ್ಲಿದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿ ರಂಗದಿಂದ ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದರು. ಸಹೋದರಿ ಗೋಹರಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತರು. ಅವರ ಹಾಡು ಬೇಕು, ಆದರೆ ಮನೆ ಮಗಳು ಹೋಗಬಾರದು! ಈ ಲೆಕ್ಕ ನನಗೆ ಯಾವತ್ತೂ ತಿಳಿದಿಲ್ಲ.

ಈಗಿನ ಉದಾಹರಣೆಯೂ ಇದೆ. 2016ರಲ್ಲಿ ಮುಂಬೈನಲ್ಲಿ ಶುರುವಾದ ‘ಮುಘಲ್-ಎ-ಆಜಮ್’ ಸಂಗೀತ ನಾಟಕಕ್ಕೆ ಹತ್ತಾರು ಕಥಕ್ ನರ್ತಕಿಯರಿಂದ ಕುಣಿಸಿದವರು ನಮ್ಮ ಬೆಂಗಳೂರಿನ ಮಯೂರಿ ಉಪಾಧ್ಯ. ಆ ತಂಡ ಅಮೆರಿಕವನ್ನೂ ಸುತ್ತಿ ಬಂತು. ಹೆಗ್ಗೋಡಿನ ನೀನಾಸಮ್ ತಿರುಗಾಟವಂತೂ 1985ರಿಂದ ಊರೂರಿಗೆ ನಾಟಕ ಹೊತ್ತು ತಿರುಗ್ತಿದೆ. ಇದನ್ನೆಲ್ಲ ಅಪ್ಪನಿಗೆ ಹೇಳಿ ನೋಡಿದೆ. ಪೇಪರ್ ಮಡಚಿಟ್ಟು ಹೊಲಕ್ಕೆ ಹೋದರು.

ತಂಗಿ ರಾಜೀನಾಮೆ ಕೊಟ್ಟಳು.

ತಿರುಗಾಟ ಅಂದ್ರೆ ಊರು ನೋಡೋದು ಅನ್ನೋ ಭ್ರಮೆ ಮೊದಲ ವಾರಕ್ಕೇ ಹೋಯ್ತಂತೆ. ಬೆಳಿಗ್ಗೆ ಟೆಂಪೋ ಇಳಿದರೆ ಮೊದಲು ಲೈಟು, ಪರದೆ, ಪೆಟ್ಟಿಗೆ ಇಳಿಸಬೇಕು. ಕಲಾವಿದರು, ಕೂಲಿಯವರು ಅನ್ನೋ ಭೇದ ಇಲ್ಲ. ಆಮೇಲೆ ಅವಳ ಮೊದಲ ಕೆಲಸ ಬರಿಗಾಲಲ್ಲಿ ಸ್ಟೇಜ್ ಪೂರ್ತಿ ನಡೆದು ನೋಡೋದು. ಒಂದೂರಲ್ಲಿ ಹಲಗೆ, ಇನ್ನೊಂದೂರಲ್ಲಿ ಸಿಮೆಂಟು. ಹಲಗೆಯಾದರೆ ಮೊಳೆ ಎದ್ದಿರ್ತವೆ. ಸಿಮೆಂಟಾದರೆ ರಾತ್ರಿ ಮೊಣಕಾಲು ಹಿಡ್ಕೊಳ್ತದೆ. ಒಂದೇ ನಾಟಕ, ಆದರೆ ಪ್ರತಿ ಊರಲ್ಲೂ ಹೊಸದಾಗಿ ಅಳತೆ ಹಿಡೀಬೇಕು. ಹೆಣ್ಮಕ್ಕಳಿಗೆ ಸರಿಯಾದ ಬಾತ್‌ರೂಮ್ ಇರೋ ರಂಗಮಂದಿರ ಸಿಕ್ಕರೆ ಅವತ್ತು ಹಬ್ಬ.

ಬಸವನ ಬಾಗೇವಾಡಿಯಲ್ಲಿ ಅತ್ತಿ ಇಡೀ ತಂಡಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೊಲ್ಹಾರದ ಗಟ್ಟಿ ಮೊಸರು ತಂದಳು. ಮುದ್ದೇಬಿಹಾಳದಲ್ಲಿ ನಡುವೆ ಕರೆಂಟ್ ಹೋಗಿ ರೆಕಾರ್ಡೆಡ್ ಟ್ರ್ಯಾಕ್ ನಿಂತಿತು. ಹಿಂದಿದ್ದವರು ಚಪ್ಪಾಳೆಯಲ್ಲೇ ತಾಳ ಹಾಕಿ ಹಾಡು ಎತ್ತಿಕೊಂಡರು, ಹುಡುಗಿಯರು ಹೆಜ್ಜೆ ನಿಲ್ಲಿಸಲಿಲ್ಲ. ಜನರೇಟರ್ ಶುರುವಾದಾಗ ಹಾಡು ಮುಗಿಯೋಕೆ ಬಂದಿತ್ತಂತೆ. ‘ಅವತ್ತೇ ನಾವು ಛಂದ ಕುಣಿದಿದ್ದು’ ಅಂತಾಳೆ.

ಮುಂದಿನದು ಸಿಂದಗಿ. ನಾನು ಎರಡು ದಿನ ರಜೆ ಹಾಕಿ ಹೋದೆ. ಮುತ್ಯಾ, ಆಯಿ ಮೊದಲ ಸಾಲಲ್ಲಿ ಕೂತರು. ಆಯಿ ಪಕ್ಕದವರಿಗೆಲ್ಲ ‘ಹಸರ ಸೀರಿಯಾಕಿ ನಮ್ಮಾಕಿ’ ಅಂತ ತೋರಿಸ್ತಿದ್ದಳು. ಅವತ್ತು ಎಂಟೂ ಹುಡುಗಿಯರು ಹಸಿರು ಸೀರೆಯಲ್ಲಿದ್ದರು! ಅಪ್ಪ ಬರಲ್ಲ ಅಂದಿದ್ದರು. ಅರ್ಧ ನಾಟಕ ಆದ ಮೇಲೆ ಹಿಂದೆ ತಿರುಗಿ ನೋಡಿದರೆ, ಚಹಾ ಅಂಗಡಿ ಹತ್ತಿರ ಸೈಕಲ್ ಸ್ಟ್ಯಾಂಡ್ ಹಾಕಿ ನಿಂತಿದ್ದರು.

ನಾಟಕ ಮುಗಿದು ಜನ ಕರಗಿದ ಮೇಲೆ ಪರದೆ ಹಿಂದೆ ಬಂದರು. ತಂಗಿ ಪೆಟ್ಟಿಗೆ ಮೇಲೆ ಕೂತು ಹಿಮ್ಮಡಿಯ ಬ್ಯಾಂಡೇಜ್ ಬಿಚ್ಚುತ್ತಿದ್ದಳು. ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಅವಳ ಜೊತೆ ಮಾತಾಡಲಿಲ್ಲ. ತಂಡದ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದರು: ‘ನಾಳೆ ಇಂಡಿಯಾಗ ಸ್ಟೇಜ್ ಹಲಗೀದೋ, ಸಿಮೆಂಟಿಂದೋ?’