ನಾಚಿಕೆ ಯಾರದ್ದು ಎಂದು ಕೇಳಿದ ನಾಟಕ

ವೀಸಾ ಮೇಲೆ ಬದುಕುವವರು ಹುಟ್ಟುಹಬ್ಬ ಮರೆತರೂ ವೀಸಾ ಮುಗಿಯುವ ದಿನಾಂಕ ಮರೆಯುವುದಿಲ್ಲ. ಸ್ನಾತಕೋತ್ತರ ಪದವಿ ಓದಲು ಆಕ್ಲೆಂಡ್‌ಗೆ ಬಂದ ನನಗೂ ಅಷ್ಟೇ. ಅದಕ್ಕೇ ಇರಬೇಕು, ನ್ಯೂಜಿಲೆಂಡ್‌ನ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಡಾನ್ ರೇಡ್ಸ್’, ಅಂದರೆ ನಸುಕಿನ ದಾಳಿಗಳು. ಅದನ್ನು ನಾನು ತಿಳಿದುಕೊಂಡದ್ದು ತರಗತಿಯಲ್ಲಲ್ಲ, ನಾಟಕ ನೋಡಿ.

ಎರಡನೇ ಮಹಾಯುದ್ಧದ ನಂತರ ಇಲ್ಲಿನ ಕಾರ್ಖಾನೆಗಳಿಗೆ ಕೆಲಸಗಾರರು ಸಾಲುತ್ತಿರಲಿಲ್ಲ. ಸಮೋವಾ, ಟಾಂಗಾ, ಫಿಜಿಯಂಥ ಪೆಸಿಫಿಕ್ ದ್ವೀಪಗಳಿಂದ ಜನ ಬಂದರು. ಪಾಳಿಯಲ್ಲಿ ದುಡಿದರು, ಊರಿಗೆ ಹಣ ಕಳಿಸಿದರು. ಪರ್ಮಿಟ್ ಅವಧಿ ಮುಗಿದರೂ ಮಾಲೀಕರಾಗಲಿ ಸರ್ಕಾರವಾಗಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸ ನಡೆಯಬೇಕಿತ್ತಲ್ಲ!

1973ರಲ್ಲಿ ಲೆಕ್ಕಾಚಾರ ಬದಲಾಯಿತು. ಒಂದೆಡೆ ತೈಲ ಬಿಕ್ಕಟ್ಟು. ಇನ್ನೊಂದೆಡೆ, ನ್ಯೂಜಿಲೆಂಡ್‌ನ ಬೆಣ್ಣೆ, ಮಾಂಸಕ್ಕೆ ದೊಡ್ಡ ಗಿರಾಕಿಯಾಗಿದ್ದ ಬ್ರಿಟನ್ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿತು. ಕೆಲಸಗಳು ಕಡಿಮೆಯಾದವು. ‘ನಮ್ಮ ಕೆಲಸ ಕಿತ್ತುಕೊಂಡವರು ಇವರೇ’ ಎಂದು ಬೆರಳು ತೋರಿಸುವುದು ಶುರುವಾಯಿತು. 1974ರಲ್ಲಿ ಲೇಬರ್ ಸರ್ಕಾರವಿದ್ದಾಗಲೇ ಮೊದಲ ದಾಳಿಗಳು ನಡೆದವು. 1975ರ ಚುನಾವಣೆಯಲ್ಲಿ ನ್ಯಾಷನಲ್ ಪಕ್ಷ ದ್ವೀಪವಾಸಿಗಳನ್ನು ಗಲಾಟೆಕೋರರಂತೆ ತೋರಿಸುವ ಕಾರ್ಟೂನ್ ಜಾಹೀರಾತನ್ನು ಟಿ.ವಿಯಲ್ಲಿ ಹಾಕಿ ಗೆದ್ದಿತು. ರಾಬರ್ಟ್ ಮುಲ್ಡೂನ್ ಪ್ರಧಾನಿಯಾದ ಮೇಲೆ ದಾಳಿಗಳು ಜೋರಾದವು. ಬೆಳಕು ಹರಿಯುವ ಮುನ್ನ ಪೊಲೀಸರು ನಾಯಿಗಳೊಂದಿಗೆ ಬಂದು ಬಾಗಿಲು ಬಡಿಯುತ್ತಿದ್ದರು. ಮಕ್ಕಳ ಎದುರೇ ಹೆತ್ತವರನ್ನು ಎಬ್ಬಿಸಿ ಪಾಸ್‌ಪೋರ್ಟ್ ಕೇಳುತ್ತಿದ್ದರು. 1976ರ ಅಕ್ಟೋಬರ್‌ನಲ್ಲಂತೂ ಆಕ್ಲೆಂಡ್‌ನ ಬೀದಿಗಳಲ್ಲೇ ಮೈಬಣ್ಣ ನೋಡಿ ಜನರನ್ನು ತಡೆದರು.

ಕಾನೂನು ಎಲ್ಲರಿಗೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. 1980ರ ದಶಕದ ಮಧ್ಯಭಾಗದ ಅಂಕಿಅಂಶ ನೋಡಿ. ಅವಧಿ ಮೀರಿ ಉಳಿದವರಲ್ಲಿ ಪೆಸಿಫಿಕ್ ದ್ವೀಪದವರು ಮೂರನೇ ಒಂದು ಭಾಗ ಮಾತ್ರ. ಆದರೆ ಮೊಕದ್ದಮೆ ಎದುರಿಸಿದವರಲ್ಲಿ ಅವರದೇ ಪಾಲು ಶೇ 86. ಬ್ರಿಟನ್, ಅಮೆರಿಕದಿಂದ ಬಂದು ಹಾಗೆ ಉಳಿದವರೂ ಸುಮಾರು ಅಷ್ಟೇ ಇದ್ದರು. ಅವರ ಮೇಲಿನ ಮೊಕದ್ದಮೆ ಶೇ 5. ಬಾಗಿಲು ಬಡಿಯುವ ಮೊದಲೇ ಯಾರ ಮನೆ ಎಂದು ತೀರ್ಮಾನವಾಗಿತ್ತು!

ನಮ್ಮ ವಯಸ್ಸಿನವರ ಉತ್ತರ

ಇದಕ್ಕೆ ಎದುರು ನಿಂತವರಲ್ಲಿ ಕಾಲೇಜು ವಯಸ್ಸಿನ ಹುಡುಗ ಹುಡುಗಿಯರೇ ಮುಂದಿದ್ದರು. 1971ರ ಜೂನ್‌ನಲ್ಲಿ ಆಕ್ಲೆಂಡ್‌ನ ಪಾನ್ಸನ್‌ಬಿಯಲ್ಲಿ ‘ಪಾಲಿನೀಷಿಯನ್ ಪ್ಯಾಂಥರ್ಸ್’ ಎಂಬ ಗುಂಪು ಹುಟ್ಟಿತು. ಮಕ್ಕಳಿಗೆ ಹೋಂವರ್ಕ್ ಕೇಂದ್ರ ನಡೆಸಿದರು. ಮುಂದೆ ಪ್ರಧಾನಿಯಾದ ವಕೀಲ ಡೇವಿಡ್ ಲಾಂಗಿ ಅವರ ನೆರವಿನಿಂದ, ಪೊಲೀಸರು ಬಂದರೆ ನಿಮ್ಮ ಹಕ್ಕುಗಳೇನು ಎಂದು ತಿಳಿಸುವ ಕೈಪಿಡಿ ಹಂಚಿದರು. ಇನ್ನೊಂದು ಕೆಲಸವಂತೂ ಬೀದಿ ನಾಟಕವೇ ಸರಿ. ನಸುಕಿನಲ್ಲೇ ಸಚಿವರ ಮನೆ ಮುಂದೆ ಹೋಗಿ, ದೀಪ ಹಾಯಿಸಿ, ಮೆಗಾಫೋನ್‌ನಲ್ಲಿ ಕೂಗಿ ‘ಪಾಸ್‌ಪೋರ್ಟ್ ತೋರಿಸಿ’ ಎಂದರು!

ಮನೆಯೊಳಗಿನ ಮೌನ

ಆದರೆ ದಾಳಿಗೆ ಸಿಕ್ಕ ಅನೇಕ ಮನೆಗಳು ಮಾತು ನಿಲ್ಲಿಸಿದವು. ನಾನು ಸಂಜೆ ಪಾಳಿ ಮಾಡುವ ಅಂಗಡಿಯಲ್ಲಿ ಸಮೋವಾ ಮೂಲದ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ತಂದೆ ಹಾಲು ತರಲು ಹೊರಟರೂ ಪಾಸ್‌ಪೋರ್ಟನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಕಾಯಂ ನಿವಾಸಿಯಾದ ಮೇಲೂ ಈ ಅಭ್ಯಾಸ ಬಿಡಲಿಲ್ಲ. ಮಕ್ಕಳು ನಗುತ್ತಿದ್ದರು, ಅವರು ಕಾರಣ ಹೇಳುತ್ತಿರಲಿಲ್ಲ. ತಪ್ಪು ಮಾಡಿದವರಂತೆ ನಾಚಿಕೆ ಹೊತ್ತುಕೊಂಡಿದ್ದು ಅನ್ಯಾಯಕ್ಕೆ ಒಳಗಾದವರೇ.

ನನ್ನನ್ನು ನಾಟಕಕ್ಕೆ ಕರೆದೊಯ್ದವರು ಇವರೇ. ಆಸ್ಕರ್ ಕೈಟ್ಲಿ ಬರೆದ ‘ಡಾನ್ ರೇಡ್ಸ್’ ನಾಟಕವನ್ನು 1997ರಲ್ಲಿ ‘ಪೆಸಿಫಿಕ್ ಅಂಡರ್‌ಗ್ರೌಂಡ್’ ತಂಡ ಮೊದಲು ಆಡಿತ್ತು. 2022ರಲ್ಲಿ ಆಕ್ಲೆಂಡ್‌ನಲ್ಲಿ ಅದು ಮತ್ತೆ ರಂಗಕ್ಕೆ ಬಂತು. ಹವಾಯಿಯವನ ವೇಷ ತೊಟ್ಟು ಹಾಡುವ ಸಮೋವಾದ ಹುಡುಗ, ಮನೆಯೊಳಗೆ ಭಯದಲ್ಲೇ ದಿನ ದೂಡುವ ಕುಟುಂಬ. ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ಬಾಗಿಲು ಬಡಿದ ಸದ್ದಿಗೆ ನಗು ನಿಂತಿತು. ನನ್ನ ಪಕ್ಕದಲ್ಲಿದ್ದ ಅವರು ನನ್ನ ಕೈ ಹಿಡಿದುಕೊಂಡರು. ಹೊರಗೆ ಬಂದ ಮೇಲೆ ಹೇಳಿದ್ದು ಒಂದೇ ಮಾತು: ಅಪ್ಪನ ಜೇಬು ನೆನಪಾಯಿತು.

ಅಂಕಿಅಂಶ ಓದಿದಾಗ ನನಗೆ ಸಿಟ್ಟು ಬಂದಿತ್ತು. ನಾಟಕ ನೋಡಿದಾಗ, ಆ ನಾಚಿಕೆ ಇವರದಲ್ಲ, ಬಾಗಿಲು ಬಡಿದವರದು ಎಂಬುದು ಮನಸ್ಸಿಗೆ ಇಳಿಯಿತು. ಸಮುದಾಯದ ಕಲೆ ಮಾಡುತ್ತಿರುವುದು ಈ ಕೆಲಸವನ್ನೇ. 1999ರಲ್ಲಿ ದಕ್ಷಿಣ ಆಕ್ಲೆಂಡ್‌ನ ಇಬ್ಬರು ಗೆಳೆಯರು ಹಿಪ್ ಹಾಪ್ ಸಂಗೀತ ಕಂಪನಿಗೆ ‘ಡಾನ್ ರೇಡ್’ ಎಂದೇ ಹೆಸರಿಟ್ಟರು. ಹೆದರಿಸುತ್ತಿದ್ದ ಪದ ಟೀ ಶರ್ಟ್, ಸಿ.ಡಿಗಳ ಮೇಲೆ ಬಂತು. ದಾಳಿಗಳು ಜೋರಾಗಿದ್ದ 1976ರಲ್ಲೇ ಓಟಾರಾದ ಶಾಲೆಯೊಂದರಲ್ಲಿ ಶುರುವಾದ ‘ಪಾಲಿಫೆಸ್ಟ್’ ಇಂದು ಸಾವಿರಾರು ವಿದ್ಯಾರ್ಥಿಗಳು ಕುಣಿದು ಹಾಡುವ ದೊಡ್ಡ ಉತ್ಸವ. 2021ರಲ್ಲಿ ‘ದಿ ಪ್ಯಾಂಥರ್ಸ್’ ಟಿ.ವಿ ಸರಣಿಯೂ ಬಂತು.

ಚಾಪೆಯಡಿಯ ಕ್ಷಮೆ

ಅದೇ ವರ್ಷ ಆಗಸ್ಟ್ 1ರಂದು ಆಕ್ಲೆಂಡ್ ಟೌನ್ ಹಾಲ್‌ನಲ್ಲಿ ಪ್ರಧಾನಿ ಜೆಸಿಂಡಾ ಆರ್ಡರ್ನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅದಕ್ಕೆ ಆರಿಸಿಕೊಂಡದ್ದು ಸಮೋವಾದ ‘ಇಫೋಗಾ’ ಪದ್ಧತಿಯನ್ನು. ತಪ್ಪು ಮಾಡಿದವರು ನಸುಕಿನಲ್ಲಿ ನೊಂದವರ ಮನೆ ಮುಂದೆ ನವಿರಾದ ಚಾಪೆ ಹೊದ್ದು ತಲೆತಗ್ಗಿಸಿ ಕೂರುವುದು ಅಲ್ಲಿನ ರೂಢಿ. ಒಳಗಿನವರು ಬಂದು ಚಾಪೆ ಸರಿಸಿದರೆ ಕ್ಷಮಿಸಿದಂತೆ. ಅಂದು ಪ್ರಧಾನಿಗೆ ಅಂಥ ಚಾಪೆ ಹೊದಿಸಿ, ಬಳಿಕ ತೆಗೆಯಲಾಯಿತು. ಪೆಸಿಫಿಕ್ ಸಮುದಾಯಕ್ಕೆ ವಿದ್ಯಾರ್ಥಿವೇತನ ಮತ್ತು ಶಾಲೆಗಳಲ್ಲಿ ಈ ಇತಿಹಾಸ ಕಲಿಸಲು ನೆರವು ಘೋಷಣೆಯಾದವು.

ಅಲ್ಲಿಗೆ ಎಲ್ಲ ಮುಗಿಯಿತೇ? 2023ರಲ್ಲಿ ಟಾಂಗಾ ಮೂಲದ ವ್ಯಕ್ತಿಯೊಬ್ಬರ ಮನೆಗೆ ಅಧಿಕಾರಿಗಳು ಮತ್ತೆ ನಸುಕಿನಲ್ಲೇ ಹೋಗಿದ್ದು ಸುದ್ದಿಯಾಯಿತು. ಪ್ರಶ್ನೆಗಳು ಎದ್ದವು, ಪರಿಶೀಲನೆಯೂ ನಡೆಯಿತು. ಅಷ್ಟು ಬೇಗ ದನಿ ಎದ್ದಿದ್ದರಲ್ಲಿ ಈ ನಾಟಕ, ಹಾಡು, ಸರಣಿಗಳ ಪಾಲೂ ಇದೆ ಎಂದು ನನಗನ್ನಿಸುತ್ತದೆ. 1976ರಲ್ಲಿ ಬಾಯಿ ಮುಚ್ಚಿಕೊಂಡ ಮನೆಗಳ ಮೊಮ್ಮಕ್ಕಳಿಗೆ ಈಗ ಆ ದಾಳಿಯ ಹೆಸರು ಗೊತ್ತಿದೆ.

ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಡುವ ಗೆಳೆಯರೇ, ಬಾಡಿಗೆ, ಶುಲ್ಕ, ಪಾರ್ಟ್‌ಟೈಮ್ ಕೆಲಸದ ಬಗ್ಗೆ ಹೇಗೂ ವಿಚಾರಿಸುತ್ತೀರಿ. ಹಾಗೆಯೇ ಆ ಊರಿಗೆ ನಿಮಗಿಂತ ಮೊದಲು ದುಡಿಯಲು ಬಂದವರನ್ನು ಹೇಗೆ ನಡೆಸಿಕೊಂಡರು ಎಂದೂ ಕೇಳಿ. ಅವರು ಆಡುವ ನಾಟಕಕ್ಕೆ ಒಂದು ಟಿಕೆಟ್ ತೆಗೆದುಕೊಳ್ಳಿ. ನಿಮ್ಮ ಪಕ್ಕದ ಸೀಟಿನಲ್ಲಿ ಕೂತವರು ತಮ್ಮ ಮನೆಯ ಕಥೆಯನ್ನು ಮೊದಲ ಬಾರಿ ಕೇಳುತ್ತಿರಬಹುದು.