ಗೋಡೆಯ ಮೇಲಿನ ಆಕಾಶ

ಆಕಾಶದಲ್ಲಿ ನಡೆದ ಯುದ್ಧಕ್ಕೆ ರಣಭೂಮಿಯೆಂಬುದಿಲ್ಲ. ಕುರುಕ್ಷೇತ್ರಕ್ಕೋ ಪಾಣಿಪತ್ತಿಗೋ ಹೋದವನು ‘ಇಲ್ಲಿಯೇ’ ಎಂದು ನೆಲವನ್ನು ತೋರಿಸಬಲ್ಲ. 1940ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ ಇಂಗ್ಲೆಂಡಿನ ಮೇಲುಗಡೆ ನಡೆದ ವೈಮಾನಿಕ ಕದನಕ್ಕೆ ಆ ಭಾಗ್ಯವಿಲ್ಲ. ವಿಮಾನಗಳೆಳೆದ ಬಿಳಿಯ ಗೆರೆಗಳು ಗಾಳಿಯಲ್ಲಿ ಕರಗಿದವು, ಅಷ್ಟೆ. ಇಂಥದನ್ನು ಗೋಡೆಯೊಂದರ ಮೇಲೆ ನಿಲ್ಲಿಸುವುದು ಹೇಗೆ?

ಲಂಡನ್ನಿನಲ್ಲಿ, ಥೇಮ್ಸ್ ನದಿಯ ದಂಡೆಯ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನಲ್ಲಿ, ನಾನು ಇದಕ್ಕೊಂದು ಉತ್ತರವನ್ನು ಕಂಡೆ. 2005ರ ಸೆಪ್ಟೆಂಬರಿನಲ್ಲಿ ಅನಾವರಣಗೊಂಡ ಈ ಸ್ಮಾರಕದ ಶಿಲ್ಪಿ ಪಾಲ್ ಡೇ. ಅವರಿಗೆ ದೊರೆತ ಜಾಗವೇ ವಿಚಿತ್ರವಾದುದು. ನೆಲದಡಿಯ ರೈಲುಗಳು ಉಗಿಯಿಂದ ಓಡುತ್ತಿದ್ದ ಕಾಲದಲ್ಲಿ ಹೊಗೆ ಹೊರಹೋಗಲೆಂದು ಕಟ್ಟಿದ, 25 ಮೀಟರ್ ಉದ್ದದ ಗ್ರಾನೈಟಿನ ಕಟ್ಟಡವದು. ಅದರ ನಡುವೆ ಓರೆಯಾಗಿ ದಾರಿಯನ್ನು ಸೀಳಿ, ದಾರಿಯುದ್ದಕ್ಕೂ ಕಂಚಿನ ಉಬ್ಬುಶಿಲ್ಪಗಳನ್ನು ಕೂಡಿಸಿದ್ದಾರೆ.

ವಿಮಾನಗಳನ್ನೇ ನಿರೀಕ್ಷಿಸಿ ಹೋದವನು ನಾನು. ಆದರೆ ನಟ್ಟನಡುವೆ ಇರುವುದು ಹಾರಾಟವಲ್ಲ, ಓಟ! ಅಪಾಯದ ಕರೆ ಬಂದೊಡನೆ ವಿಮಾನಗಳತ್ತ ಧಾವಿಸುವ ತರುಣರು, ಹೆಚ್ಚುಕಡಿಮೆ ಆಳೆತ್ತರದವರು, ಗೋಡೆಯನ್ನು ಒಡೆದುಕೊಂಡು ನಮ್ಮ ಮೈಮೇಲೆಯೇ ಬರುತ್ತಾರೆ. ಯಂತ್ರವನ್ನು ಮುಂದುಮಾಡಿದ್ದರೆ ಅದೊಂದು ಯಂತ್ರಪ್ರದರ್ಶನವಾಗುತ್ತಿತ್ತು. ನಮ್ಮ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ದೇವಕನ್ಯೆಯರು, ಮೇಲೆ ಶಿವಲೋಕ. ಕಣ್ಣು ತಾನಾಗಿ ಮೇಲೇರುತ್ತದೆ. ಇಲ್ಲಿ ಸ್ವರ್ಗವಿಲ್ಲ. ಇನ್ನೂ ಸಾಯದವರು ಓಡುತ್ತಿದ್ದಾರೆ.

ಹೊರಮೈಯಲ್ಲಿ ಹೆಸರುಗಳಿವೆ: ದೇಶದೇಶಗಳಿಂದ ಬಂದ 2,937 ಮಂದಿ ವೈಮಾನಿಕರು. ಪೋಲೆಂಡಿನವರೇ 145. ಸತ್ತವರೂ ಉಳಿದವರೂ ಒಂದೇ ಪಟ್ಟಿಯಲ್ಲಿದ್ದಾರೆ. ಆದರೆ ಪಟ್ಟಿಗೊಂದು ಗಡಿಯುಂಟು. ಗೊತ್ತಾದ ಪಡೆಗಳಲ್ಲಿದ್ದು, ಆ ದಿನಗಳಲ್ಲಿ ಒಮ್ಮೆಯಾದರೂ ಕಾರ್ಯಾಚರಣೆಗೆಂದು ಹಾರಿದವನಿಗೆ ಮಾತ್ರ ಅಲ್ಲಿ ಸ್ಥಳ. ಇಡೀ ರಾತ್ರಿ ಎಂಜಿನ್ ಸರಿಪಡಿಸಿ ಬೆಳಗಾಗುವಷ್ಟರಲ್ಲಿ ವಿಮಾನವನ್ನು ಅಣಿಮಾಡಿಕೊಟ್ಟ ಮೆಕ್ಯಾನಿಕ್ಕನಿಗೆ ಇಲ್ಲ. ಪಟ್ಟಿಯೆಂದ ಮೇಲೆ ಗಡಿ ಬೇಕೆಂಬುದನ್ನು ಬಲ್ಲೆ. ಆದರೂ ಮನಸ್ಸು ಒಪ್ಪದು.

ಶಿಲ್ಪಿಗೂ ಹಾಗೆಯೇ ಅನ್ನಿಸಿರಬೇಕೆಂಬುದು ನನ್ನ ಊಹೆ. ಒಳಗಿನ ಕಂಚಿನಲ್ಲಿ ಮೆಕ್ಯಾನಿಕ್ಕನಿದ್ದಾನೆ, ಫಿರಂಗಿಯವರಿದ್ದಾರೆ, ಕಾರ್ಖಾನೆಯಲ್ಲಿ ದುಡಿದ ಹೆಂಗಸರಿದ್ದಾರೆ. ಹೊರಗಿನವರಿಗೆ ಹೆಸರುಂಟು, ಮುಖವಿಲ್ಲ. ಒಳಗಿನವರಿಗೆ ಮುಖವುಂಟು, ಹೆಸರಿಲ್ಲ. ಎರಡನ್ನೂ ನೋಡಬೇಕಾದರೆ ಗೋಡೆಯನ್ನು ಒಂದು ಸುತ್ತು ಬರಲೇಬೇಕು.

ನಾನು ಹಾಗೆ ಸುತ್ತಿ ಬರುವಷ್ಟು ಹೊತ್ತೂ ವೃದ್ಧೆಯೊಬ್ಬರು ಕಾರ್ಖಾನೆಯ ಫಲಕದ ಮುಂದೆ ನಿಂತೇ ಇದ್ದರು. ಹೆಸರುಗಳ ಕಡೆಗೆ ಅವರು ಹೋಗಲಿಲ್ಲ.