ಎರಡು ವರ್ಷದ ಓದು, ಪೂರ್ತಿ ನರ್ಸ್

ಅಮೆರಿಕದಲ್ಲಿ ನರ್ಸ್ ಆಗಲು ನಾಲ್ಕು ವರ್ಷ ಓದಲೇಬೇಕೆಂದಿಲ್ಲ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿದವರು, ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಎಸ್‌ಸಿ ಓದಿದವರು, ಇಬ್ಬರೂ ಬರೆಯುವುದು ಎನ್‌ಕ್ಲೆಕ್ಸ್ ಎಂಬ ಒಂದೇ ಪರೀಕ್ಷೆ. ಪಾಸಾದರೆ ಸಿಗುವುದೂ ರಿಜಿಸ್ಟರ್ಡ್ ನರ್ಸ್ ಎಂಬ ಒಂದೇ ಲೈಸೆನ್ಸ್. ಡೆಂಟಲ್ ಹೈಜೀನಿಸ್ಟ್, ರೆಸ್ಪಿರೇಟರಿ ಥೆರಪಿಸ್ಟ್, ಎಕ್ಸ್‌ರೇ ತಂತ್ರಜ್ಞರಲ್ಲೂ ಬಹಳ ಮಂದಿ ಇದೇ ಪದವಿಯ ಬಲದಿಂದ ವೃತ್ತಿಗೆ ಬಂದವರು. ಹೀಗಿದ್ದರೂ ಇದನ್ನು ಅರೆ ಪದವಿಯೆಂದು ಕಾಣುವ ದೃಷ್ಟಿ ಅಲ್ಲಿ ಹೋಗಿಲ್ಲ. ಆ ದೃಷ್ಟಿ ಸರಿಯಲ್ಲ ಎನ್ನಲು ನರ್ಸಿಂಗಿನಲ್ಲಿ ಈ ಪದವಿ ಹುಟ್ಟಿದ ಬಗೆಯನ್ನು ನೋಡಿದರೆ ಸಾಕು.

ಅದರ ಹಿಂದಿರುವವರು ಮಿಲ್ಡ್ರೆಡ್ ಮಾಂಟ್ಯಾಗ್. 1908ರಲ್ಲಿ ಅಯೋವಾ ರಾಜ್ಯದಲ್ಲಿ ಹುಟ್ಟಿದ ಈಕೆ ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ನ್ಯೂಯಾರ್ಕಿನ ಅಡೆಲ್ಫಿ ಕಾಲೇಜಿನ ನರ್ಸಿಂಗ್ ಶಾಲೆಯನ್ನು ಕಟ್ಟಿ ನಿಲ್ಲಿಸಿದರು. ಆಗ ನರ್ಸಿಂಗ್ ಕಲಿಕೆಯೆಂದರೆ ಬಹುಮಟ್ಟಿಗೆ ಆಸ್ಪತ್ರೆಯ ಶಾಲೆಯೇ. ಹುಡುಗಿಯರು ಮೂರು ವರ್ಷ ಹಾಸ್ಟೆಲಿನಲ್ಲಿದ್ದು ಕಲಿಯುತ್ತಿದ್ದರು. ಪಾಠಕ್ಕಿಂತ ವಾರ್ಡಿನ ಡ್ಯೂಟಿಯೇ ಹೆಚ್ಚು. ಆಸ್ಪತ್ರೆಗೆ ಸಂಬಳವಿಲ್ಲದ ಕೈಗಳು ಸಿಕ್ಕಂತಾಗುತ್ತಿತ್ತು. ಮದುವೆಯಾದವರಿಗೆ ಎಷ್ಟೋ ಕಡೆ ಪ್ರವೇಶವೇ ಇರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿಗೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಮಾಂಟ್ಯಾಗ್ ಈ ಪದ್ಧತಿಯ ಬುಡಕ್ಕೇ ಕೈಹಾಕಿದರು. ಅದು 1951ರಲ್ಲಿ ಪುಸ್ತಕವಾಗಿ ಬಂತು. ವಿದ್ಯಾರ್ಥಿಯಿಂದ ಆಸ್ಪತ್ರೆಯ ಚಾಕರಿ ಮಾಡಿಸದೆ ಕಲಿಕೆಗೆಂದೇ ಸಮಯ ಕೊಟ್ಟರೆ ಎರಡು ವರ್ಷ ಸಾಕು. ಅದನ್ನು ಕಾಲೇಜು ಕಲಿಸಲಿ, ವಾರ್ಡು ಅಭ್ಯಾಸದ ಜಾಗವಾಗಿರಲಿ ಎಂಬುದು ಅವರ ವಾದ. 1952ರಲ್ಲಿ ಶುರುವಾದ ಪ್ರಯೋಗದಲ್ಲಿ ಏಳು ಕಾಲೇಜುಗಳೂ ಒಂದು ಆಸ್ಪತ್ರೆ ಶಾಲೆಯೂ ಸೇರಿದವು. ಐದು ವರ್ಷದ ಪ್ರಯೋಗ ಮುಗಿಯುವ ಹೊತ್ತಿಗೆ, ಹೀಗೆ ಕಲಿತವರು ಲೈಸೆನ್ಸ್ ಪರೀಕ್ಷೆಯಲ್ಲಿ ಹಳೆಯ ಶಾಲೆಯವರಿಗೆ ಸರಿಸಮ ನಿಲ್ಲುತ್ತಾರೆಂಬುದು ಖಚಿತವಾಗಿತ್ತು. ಮಾಂಟ್ಯಾಗ್ ಮನಸ್ಸಿನಲ್ಲಿದ್ದದ್ದು ವೃತ್ತಿಪರ ನರ್ಸಿಗೂ ಸಹಾಯಕಿಗೂ ನಡುವಿನ ‘ನರ್ಸಿಂಗ್ ತಂತ್ರಜ್ಞೆ’ ಎಂಬ ಹೊಸ ಹುದ್ದೆ. ಆದರೆ ರಾಜ್ಯಗಳು ಹೀಗೆ ಕಲಿತವರಿಗೂ ರಿಜಿಸ್ಟರ್ಡ್ ನರ್ಸ್ ಲೈಸೆನ್ಸನ್ನೇ ಕೊಟ್ಟವು. ಹಾಗಾಗಿ, ಮಾಂಟ್ಯಾಗ್ ಗೆರೆ ಎಳೆದಲ್ಲಿ ವಿದ್ಯಾರ್ಥಿಗಳು ನಿಲ್ಲಲಿಲ್ಲ, ಮುಂದಕ್ಕೆ ಹೋದರು.

ಈ ಎರಡು ವರ್ಷದ ಓದು ಹಗುರವೆಂದು ಯಾರೂ ತಿಳಿಯಬೇಕಿಲ್ಲ. ವೈದ್ಯರು ಒಂದು ಲೀಟರ್ ಸಲೈನನ್ನು ಎಂಟು ಗಂಟೆಯಲ್ಲಿ ಕೊಡಲು ಬರೆದಿದ್ದಾರೆ. ಕೊಳವೆಯಲ್ಲಿ 15 ಹನಿಗೆ ಒಂದು ಮಿಲಿಲೀಟರ್. ನಿಮಿಷಕ್ಕೆ ಎಷ್ಟು ಹನಿ? ಸಾವಿರವನ್ನು ಹದಿನೈದರಿಂದ ಗುಣಿಸಿ, 480 ನಿಮಿಷದಿಂದ ಭಾಗಿಸಿದರೆ 31. ವಿದ್ಯಾರ್ಥಿ ಗಡಿಯಾರದ ಮುಳ್ಳು ನೋಡುತ್ತಾ ಹನಿ ಎಣಿಸಿ, ಬೆರಳಿನಿಂದ ಕೊಳವೆಯ ಚಕ್ರ ತಿರುಗಿಸಿ ಲೆಕ್ಕಕ್ಕೆ ತರಬೇಕು. ಮುದಿ ಹೃದಯದ ರೋಗಿಗೆ ಅದೇ ದ್ರವ ಬೇಗ ಹರಿದರೆ ಶ್ವಾಸಕೋಶದಲ್ಲಿ ನೀರು ತುಂಬೀತು ಎಂಬ ಅರಿವೂ ಜೊತೆಗಿರಬೇಕು. ಅನೇಕ ಕಾಲೇಜುಗಳಲ್ಲಿ ಔಷಧ ಲೆಕ್ಕದ ಪರೀಕ್ಷೆಗೆ ತೊಂಬತ್ತರ ಆಸುಪಾಸು ಅಂಕ ಬೇಕು, ಇಲ್ಲದಿದ್ದರೆ ವಾರ್ಡಿಗೆ ಬಿಡುವುದಿಲ್ಲ. ಅಂಗರಚನೆ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಪ್ರವೇಶಕ್ಕೆ ಮೊದಲೇ ಮುಗಿಸಬೇಕಾಗಿ ಎರಡು ವರ್ಷ ಎಷ್ಟೋ ಸಲ ಮೂರಾಗುತ್ತದೆ. ಇದನ್ನು ಕಾಲೇಜುಗಳು ಮೊದಲೇ ಬಿಡಿಸಿ ಹೇಳುವುದು ನ್ಯಾಯ.

ಈ ಪದವಿಯ ಮೇಲಿನ ಆಕ್ಷೇಪವೂ ಹಳೆಯದೇ. ವೃತ್ತಿಪರ ನರ್ಸಿಗೆ ನಾಲ್ಕು ವರ್ಷದ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು ಅಮೆರಿಕನ್ ನರ್ಸಸ್ ಅಸೋಸಿಯೇಷನ್ 1965ರಲ್ಲೇ ಹೇಳಿತು. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿ.ಎಸ್‌ಸಿ ಓದಿದ ನರ್ಸುಗಳ ಪಾಲು ಶೇ 10 ಹೆಚ್ಚಿದ್ದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರ ಸಾವಿನ ಸಂಭವ ಶೇ 5ರಷ್ಟು ಕಡಿಮೆ ಇತ್ತು. ಇದನ್ನು ತಳ್ಳಿಹಾಕುವುದು ಬೇಜವಾಬ್ದಾರಿ. ಆದರೆ ಅದು ಆಸ್ಪತ್ರೆಗಳನ್ನು ಹೋಲಿಸಿದ ಲೆಕ್ಕ. ಎರಡು ವರ್ಷ ಓದಿದವಳ ಕೈ ದುರ್ಬಲವೆಂದು ಅದು ಹೇಳುವುದಿಲ್ಲ. ಹೆಚ್ಚು ಓದು ಒಳ್ಳೆಯದೆಂದೇ ಒಪ್ಪೋಣ. ಅದನ್ನು ಕೆಲಸಕ್ಕೆ ಸೇರುವ ಮೊದಲೇ ಮುಗಿಸಬೇಕೆಂದರೆ ಮಗುವನ್ನು ಸಾಕುತ್ತಾ ಓದುವ ತಾಯಿ, ಮೂವತ್ತೈದಕ್ಕೆ ವೃತ್ತಿ ಬದಲಿಸುವ ಕಾರ್ಮಿಕ, ವಿಶ್ವವಿದ್ಯಾಲಯದಿಂದ ದೂರದ ಹಳ್ಳಿಯವರು ಹೊರಗೇ ಉಳಿಯುತ್ತಾರೆ. ನಾರ್ತ್ ಡಕೋಟಾ ರಾಜ್ಯ ನಾಲ್ಕು ವರ್ಷದ ಪದವಿಯನ್ನು ಕಡ್ಡಾಯ ಮಾಡಿ, 2003ರಲ್ಲಿ ಆ ನಿಯಮವನ್ನು ಕೈಬಿಟ್ಟಿತು. ಮೊದಲು ಕೆಲಸ, ಸಂಬಳದ ಜೊತೆಗೆ ಮುಂದಿನ ಓದು ಎಂಬ ದಾರಿ ನಮಗೂ ಹೊಸದಲ್ಲ. ಜಿಎನ್‌ಎಂ ಡಿಪ್ಲೊಮಾ ಮುಗಿಸಿ ದುಡಿಯುತ್ತಿರುವವರು ಪೋಸ್ಟ್ ಬೇಸಿಕ್ ಬಿ.ಎಸ್‌ಸಿಗೆ ಸೇರುವುದು ಅದೇ ಮೆಟ್ಟಿಲು.

ಮಾಂಟ್ಯಾಗ್ 2004ರಲ್ಲಿ ತೀರಿಕೊಂಡರು. ಅವರು ಪ್ರಬಂಧ ಬರೆದ ನ್ಯೂಯಾರ್ಕಿನಲ್ಲೇ 2017ರಲ್ಲಿ ಹೊಸ ಕಾನೂನು ಬಂತು: ಹೊಸದಾಗಿ ಲೈಸೆನ್ಸ್ ಪಡೆಯುವ ನರ್ಸುಗಳು ಹತ್ತು ವರ್ಷದೊಳಗೆ ಬಿ.ಎಸ್‌ಸಿ ಮುಗಿಸಬೇಕು. ಎರಡು ವರ್ಷದ ಪ್ರವೇಶವನ್ನು ಅದು ಮುಚ್ಚಲಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು, ಮಕ್ಕಳನ್ನು ಶಾಲೆಗೆ ಕಳಿಸಿ, ಮತ್ತೆ ಪುಸ್ತಕ ತೆರೆಯಬೇಕಾದವರ ಫೀಸನ್ನೂ ಬಿಡುವಿನ ವೇಳೆಯನ್ನೂ ಯಾರು ಕೊಡಬೇಕೆಂದು ಆ ಕಾನೂನು ಹೇಳಿಲ್ಲ.